ಮಕ್ಕಳು: ಇಲ್ಲ

ಪ್ರೆಸ್ಸಿನಲ್ಲಿ ಅವಳನ್ನು ಎಲ್ಲರೂ ಕೊಂಬಕ್ಕ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಪ್ರೂಫ್ ತಿದ್ದುವ ಕೆಲಸ. ಶಾಲೆಯ ಪಠ್ಯಪುಸ್ತಕವಿರಲಿ, ಔಷಧದ ಡಬ್ಬಿಯೊಳಗೆ ಮಡಚಿಡುವ ಚೀಟಿಯಿರಲಿ, ಎಲ್ಲೋ ಒಂದು ಅಕ್ಷರದ ಕೊಂಬು ಬಿಟ್ಟುಹೋಗಿದ್ದರೆ ಅವಳ ಕೆಂಪು ಪೆನ್ನು ಅಲ್ಲೇ ನಿಲ್ಲುತ್ತಿತ್ತು. ಹೆಸರಿಟ್ಟವರು ಯಂತ್ರ ಓಡಿಸುವವರು. ಅಕ್ಷರದ ಕೊಂಬಿಗಾಗಿ ಇಟ್ಟರೋ, ತಪ್ಪು ಕಂಡರೆ ಹಾಯಲು ಬರುತ್ತಾಳೆಂದು ಇಟ್ಟರೋ, ಅವರೂ ಬಿಡಿಸಿ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಕೊನೆಗೆ ಅವಳ ಸೋದರಮಾವನೂ ಅದೇ ಹೆಸರಿಗೆ ಒಗ್ಗಿಕೊಂಡಿದ್ದ.

ಆ ಮಾವನ ಮನೆಗೆ ಸುಣ್ಣ ಬಳಿಸುವಾಗ ಅಟ್ಟದಿಂದ ಅಜ್ಜಿಯ ತಗಡಿನ ಪೆಟ್ಟಿಗೆ ಕೆಳಗಿಳಿಯಿತು. ಅಜ್ಜಿ ತೀರಿಕೊಂಡು ಹತ್ತೊಂಬತ್ತು ವರ್ಷವಾಗಿತ್ತು. ನೂಲಿನ ಗಿರಣಿಯಲ್ಲಿ ಮೂವತ್ತು ವರ್ಷ ನಿಂತುಕೊಂಡೇ ದುಡಿದ ಹೆಂಗಸು. ಪೆಟ್ಟಿಗೆಯಲ್ಲಿ ಎರಡು ಕಂಬಳಿ, ಗಿರಣಿಯವರು ಕೊಟ್ಟ ಒಂದು ಕೈಗಡಿಯಾರ, ತಳದಲ್ಲಿ ಹಾಸಿದ್ದ ಹಳೆಯ ಪತ್ರಿಕೆ. ಪತ್ರಿಕೆಯ ಕೆಳಗೆ ದಪ್ಪ ರಟ್ಟಿಗೆ ಅಂಟಿಸಿದ ಒಂದು ಫೋಟೋ.

ಉದ್ದನೆಯ ಜಗಲಿಯ ಮುಂದೆ ಮೂರು ಸಾಲಿನಲ್ಲಿ ಸುಮಾರು ನಲವತ್ತು ಗಂಡಸರು. ಮುಂದಿನ ಸಾಲು ಕುರ್ಚಿಯಲ್ಲಿ, ಹಿಂದಿನವರು ನಿಂತು.

"ಗಿರಣಿ ಫೋಟೋ ಇರ್ಬೇಕು ಬಿಡು," ಎಂದ ಮಾವ. ಅವನು ಬಸ್ ಓಡಿಸಿ ನಿವೃತ್ತನಾದವನು. ಏನೇ ಎದುರಾದರೂ ಪಕ್ಕಕ್ಕೆ ತಿರುಗಿಸಿ ಮುಂದೆ ಹೋಗುವುದು ಅವನ ಸ್ವಭಾವ.

ಕೊಂಬಕ್ಕ ಬಿಡಲಿಲ್ಲ. ಗಿರಣಿಯ ಫೋಟೋ ಆಗಿದ್ದರೆ ಹೆಂಗಸರೂ ಇರಬೇಕಿತ್ತು. ಇಲ್ಲಿ ಒಬ್ಬರೂ ಇಲ್ಲ. ಎಲ್ಲರೂ ಒಂದೇ ತರಹದ ಪಟ್ಟೆಪಟ್ಟೆ ಕೋಟು ತೊಟ್ಟಿದ್ದಾರೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ ಇನ್ನೊಂದು ಕಂಡಿತು. ಪ್ರತಿಯೊಬ್ಬರ ಕೈಯಲ್ಲೂ ಮುಚ್ಚಳವಿರುವ ಒಂದು ಸಣ್ಣ ಲೋಟ. ಆಮೇಲೆ ಮೂರನೇ ಸಾಲಿನಲ್ಲಿ ಎಡದಿಂದ ಐದನೆಯವನ ಕಿವಿಗಳು. ಜಗ್ಗಿನ ಹಿಡಿಕೆಯ ಹಾಗೆ ಎರಡೂ ಕಡೆ ಎದ್ದು ನಿಂತ ಕಿವಿಗಳು. ಅವಳು ಫೋಟೋ ನೋಡಿದಳು, ಮಾವನ ಮುಖ ನೋಡಿದಳು, ಮತ್ತೆ ಫೋಟೋ ನೋಡಿದಳು.

"ಏನೇ ಹಾಗೆ ನೋಡ್ತೀಯಾ?"

"ಮಾವ, ಈ ಕಿವಿ ಯಾರದ್ದು?"

ಅವನು ಕನ್ನಡಕ ಹುಡುಕುವ ನೆಪದಲ್ಲಿ ಎದ್ದು ಹೋದ.

ಆ ಮನೆಯಲ್ಲಿ ಅಜ್ಜನ ಸುದ್ದಿ ಎತ್ತುವಂತಿರಲಿಲ್ಲ. ಗಿರಣಿಯಲ್ಲಿ ಫಿಟ್ಟರ್ ಆಗಿದ್ದ ಅಜ್ಜ, ಅಮ್ಮನಿಗೆ ಏಳು ವರ್ಷ, ಮಾವನಿಗೆ ಎರಡು ವರ್ಷವಿದ್ದಾಗ, ಯಾರನ್ನೋ ಕಟ್ಟಿಕೊಂಡು ಓಡಿಹೋದ ಎಂಬುದಷ್ಟೇ ಎಲ್ಲರಿಗೂ ಗೊತ್ತಿದ್ದ ಕತೆ. ಅಜ್ಜಿ ಯಾರು ಕೇಳಿದರೂ "ಹೋದ, ಅಷ್ಟೇ" ಎಂದು ಬಾಯಿಗೆ ಬೀಗ ಹಾಕುತ್ತಿದ್ದಳು. ಓಣಿಯ ಮಕ್ಕಳು ಅಮ್ಮನನ್ನು "ಓಡಿಹೋದವನ ಮಗಳು" ಎಂದೇ ಕೂಗುತ್ತಿದ್ದವಂತೆ. ಅಮ್ಮ ತನ್ನ ತಂದೆಯನ್ನು ಅಪ್ಪ ಎಂದದ್ದನ್ನು ಕೊಂಬಕ್ಕ ಒಮ್ಮೆಯೂ ಕೇಳಿರಲಿಲ್ಲ. ತೀರಾ ಹೇಳಲೇಬೇಕಾಗಿ ಬಂದರೆ "ಆ ಮನುಷ್ಯ" ಎನ್ನುತ್ತಿದ್ದಳು.

ಅಂದು ಸಂಜೆ ಫೋಟೋ ಮನೆಗೆ ತಂದಳು. ಎಪ್ಪತ್ತನಾಲ್ಕರ ಅಮ್ಮ ಇನ್ನೂ ಹೊಲಿಗೆ ಬಿಟ್ಟಿರಲಿಲ್ಲ. ಓಣಿಯವರ ರವಿಕೆ, ಶಾಲೆಯ ಮಕ್ಕಳ ಅಂಗಿ, ಏನಾದರೊಂದು ಯಂತ್ರದ ಮೇಲೆ ಇದ್ದೇ ಇರುತ್ತಿತ್ತು. ಫೋಟೋವನ್ನು ಅವಳ ಮುಂದೆ ಇಟ್ಟು, ಬೆರಳಿಟ್ಟು ತೋರಿಸಿದಳು. ಅಮ್ಮ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಗೊತ್ತಿಲ್ಲ," ಎಂದು ಮತ್ತೆ ಯಂತ್ರ ತುಳಿಯತೊಡಗಿದಳು.

ಕೊಂಬಕ್ಕ ಟೀ ಮಾಡಿ ತರುವ ತನಕ ಯಂತ್ರ ಒಂದೇ ಸಮ ಓಡುತ್ತಿತ್ತು. ಲೋಟ ಇಡಲು ಬಗ್ಗಿದಾಗ ನೋಡಿದರೆ, ಬಟ್ಟೆಯುದ್ದಕ್ಕೂ ಸೂಜಿಯ ತೂತುಗಳಷ್ಟೇ ಇದ್ದವು. ದಾರ ಯಾವಾಗಲೋ ಕಿತ್ತುಹೋಗಿತ್ತು. ಅಮ್ಮನಿಗೆ ಅದರ ಪರಿವೆಯೇ ಇರಲಿಲ್ಲ.

ಇಷ್ಟು ಸಾಕಾಯಿತು. ಹುಡುಕಿಯೇ ತೀರುತ್ತೇನೆಂದು ಕೊಂಬಕ್ಕ ಅಂದೇ ನಿಶ್ಚಯಿಸಿದಳು.

ರಟ್ಟಿನ ಹಿಂದೆ ಒಂದು ಸ್ಟುಡಿಯೋದ ಮುದ್ರೆಯಿತ್ತು. ಅರ್ಧ ಅಳಿಸಿದ್ದರೂ ಅದರ ಕೆಳಗೆ ಶಾಯಿಯಲ್ಲಿ ಬರೆದ ನಾಲ್ಕಂಕಿಯ ಸಂಖ್ಯೆ ಉಳಿದಿತ್ತು. ಆ ಸ್ಟುಡಿಯೋ ಇನ್ನೂ ಇತ್ತು, ಮುಖ್ಯರಸ್ತೆಯ ಹಿಂದಿನ ಓಣಿಯಲ್ಲಿ, ಗಾಜಿನ ಪೆಟ್ಟಿಗೆಯಲ್ಲಿ ಮೊಬೈಲ್ ಕವರುಗಳನ್ನು ತೂಗುಹಾಕಿಕೊಂಡು. ಈಗ ನಡೆಸುತ್ತಿದ್ದವಳು ಮೊದಲ ಫೋಟೋಗ್ರಾಫರನ ಸೊಸೆ. ಅರವತ್ತರ ಹತ್ತಿರದ, ಮಾತಿಗೆ ಹಸಿದಿದ್ದ ಹೆಂಗಸು.

"ಗಾಜಿನ ಪ್ಲೇಟಿನ ಕಾಲದ್ದು ಇದು. ಆದ್ರೆ ಪ್ಲೇಟ್ ಕೇಳ್ಬೇಡಿ. ನಮ್ಮ ಮಾವನವರು ಹೋದ್ಮೇಲೆ ಎಲ್ಲಾನೂ ಬಿಸಿನೀರಲ್ಲಿ ಉಜ್ಜಿ ಕಿಟಕಿಗೆ ಹಾಕಿಸಿಬಿಟ್ವಿ. ಅಡುಗೆಮನೆ ಕಿಟಕೀಲಿ ಯಾರ್ಯಾರ ಮದುವೆ ಇತ್ತೋ ಏನೋ."

"ರಿಜಿಸ್ಟರ್ ಏನಾದ್ರೂ ಇಟ್ಟಿದ್ರಾ ಅವರು?"

"ಅದಿದೆ. ಹಿಂದುಗಡೆ ಹಾಳೆ ಖಾಲಿ ಇತ್ತಲ್ಲ, ನಮ್ಮತ್ತೆ ಮೂವತ್ತು ವರ್ಷ ಸಾಮಾನಿನ ಪಟ್ಟಿ ಅದರಲ್ಲೇ ಬರೆದ್ರು. ಅದಕ್ಕೇ ಉಳೀತು."

ದಪ್ಪ ಪುಸ್ತಕಗಳನ್ನು ಇಬ್ಬರೂ ನೆಲಕ್ಕೆ ಕೂತು ಮಗುಚಿದರು. ಮೂರನೆಯದರಲ್ಲಿ ಆ ಸಂಖ್ಯೆ ಸಿಕ್ಕಿತು. ಎದುರಿಗೆ ಓರೆ ಅಕ್ಷರದಲ್ಲಿ ಬರೆದಿತ್ತು: ಗುಡ್ಡದ ಆಸ್ಪತ್ರೆ, ಪುರುಷರ ವಾರ್ಡು, ವಾರ್ಷಿಕ ಗುಂಪು. ಬೇಕಾದ ಮನೆಯವರಿಗೆ ಪ್ರತಿ ಅಂಗಡಿಯಲ್ಲೇ.

ಸ್ಟುಡಿಯೋದಾಕೆ ತಟ್ಟನೆ ದನಿ ಇಳಿಸಿದಳು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ, ಆದರೂ. "ಅದು ಕ್ಷಯದ ಆಸ್ಪತ್ರೆ ಆಗಿತ್ತು ಕಣ್ರೀ. ನಾವು ಚಿಕ್ಕವರಿದ್ದಾಗ ಆ ಗುಡ್ಡದ ಕಡೆ ಕೈ ತೋರಿಸಿದ್ರೂ ಬೈಯ್ತಿದ್ರು."

ಮುಚ್ಚಳದ ಲೋಟ ಯಾಕೆಂದು ಕೊಂಬಕ್ಕನಿಗೆ ಆಗ ಅರ್ಥವಾಯಿತು. ಕೆಮ್ಮಿ ಉಗುಳಲು. ಪುಸ್ತಕದ ಆ ಪುಟವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೊರಬಂದಳು.

ಗುಡ್ಡದ ಆಸ್ಪತ್ರೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅದರ ರಿಜಿಸ್ಟರುಗಳನ್ನು ಗೋಣಿಚೀಲದಲ್ಲಿ ತುಂಬಿ ಊರಿನ ಆರೋಗ್ಯ ಇಲಾಖೆಯ ಕಚೇರಿಗೆ ಸಾಗಿಸಿದ್ದರು. ಕಚೇರಿಯ ನೆಲಮಾಳಿಗೆಯಲ್ಲಿ ರೆಕಾರ್ಡ್ ರೂಮು. ಅಲ್ಲಿನ ಗುಮಾಸ್ತರು ಸದಾ ಮೂಗಿಗೆ ಕರವಸ್ತ್ರ ಹಿಡಿದಿರುತ್ತಿದ್ದರು. ಧೂಳಿನಿಂದ ಅವರಿಗೆ ಬಿಡದ ಸೀನು. ಮೂವತ್ತು ವರ್ಷ ಅದೇ ಕೋಣೆಯಲ್ಲಿ ಸೀನಿದವರು.

"ಮೇಲಿನವರ ಅನುಮತಿ ಪತ್ರ ಬೇಕು."

ಮುಂದಿನ ಶನಿವಾರ ಪತ್ರ ತಂದಳು.

"ಇದರಲ್ಲಿ ಸೀಲ್ ಇಲ್ಲ."

ಅದರ ಮುಂದಿನ ಶನಿವಾರ ಸೀಲು ಹಾಕಿಸಿ ತಂದಳು. ಗುಮಾಸ್ತರು ಪತ್ರವನ್ನು ಹಿಂದೆ ಮುಂದೆ ತಿರುಗಿಸಿ, ಇನ್ನೇನೂ ತಪ್ಪು ಸಿಗದೆ, ಒಂದು ಸೀನು ಸೀನಿ, ಬೀಗ ತೆಗೆದರು.

"ಹುಳ ತಿಂದಿದ್ದು ಹೋಗಿ ಉಳಿದಿದ್ದು ಇಷ್ಟಿದೆ. ಹೆಸರಿನ ಸೂಚಿ ಪುಸ್ತಕ ಮೊದಲು ನೋಡಿ. ಅದರಲ್ಲಿಲ್ಲ ಅಂದ್ರೆ ಇಲ್ಲ. ಸುಮ್ನೆ ನಿಮ್ಮ ಶನಿವಾರ ಹಾಳು ಮಾಡ್ಕೋಬೇಡಿ."

ಫೋಟೋ ತೆಗೆದ ವರ್ಷದ ಸೂಚಿಯಲ್ಲಿ ಅಜ್ಜನ ಹೆಸರು ಇರಲಿಲ್ಲ. ಹಿಂದಿನ ವರ್ಷ, ಮುಂದಿನ ವರ್ಷ, ಎಲ್ಲೂ ಇರಲಿಲ್ಲ.

ವಿಷಯ ಮಾವನ ಕಿವಿಗೂ ಬಿತ್ತು. ಭಾನುವಾರ ಬೆಳಿಗ್ಗೆ ಬಂದು ಬಾಗಿಲಲ್ಲೇ ನಿಂತ. "ಇಲ್ಲ ಅಂದ್ರಲ್ಲ, ಸಾಕಲ್ವಾ? ಸತ್ತವರೋ ಬದುಕಿರೋರೋ, ಅವರನ್ನ ಅವರ ಪಾಡಿಗೆ ಬಿಡು. ನಿನ್ನ ಪ್ರೂಫಿನ ಬುದ್ಧಿ ಮನೆ ಜನರ ಮೇಲೆ ಯಾಕೆ?"

"ಮಾವ, ಫೋಟೋದಲ್ಲಿರೋ ಮನುಷ್ಯ ಪುಸ್ತಕದಲ್ಲಿ ಇಲ್ಲ ಅಂದ್ರೆ ತಪ್ಪಿರೋದು ಪುಸ್ತಕದಲ್ಲಿ."

"ನೀನೊಬ್ಬಳು," ಎಂದು ಗೊಣಗಿಕೊಂಡು ಒಳಗೂ ಬಾರದೆ ಹೊರಟುಹೋದ.

ಆದರೆ ತಾನೇ ಆಡಿದ ಮಾತು ಅವಳ ತಲೆಯಲ್ಲಿ ಉಳಿಯಿತು. ತಪ್ಪು ಪುಸ್ತಕದಲ್ಲಿದ್ದರೆ ಅದನ್ನು ಹಿಡಿಯುವುದು ತನ್ನ ಹೊಟ್ಟೆಪಾಡಿನ ಕೆಲಸ. ಬರೆಯುವ ಕೈ ಎಲ್ಲೆಲ್ಲಿ ಜಾರುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಒಂದು ಹಾಳೆಯ ಮೇಲೆ ಅಜ್ಜನ ಹೆಸರನ್ನು ಬರೆದು, ಅದರ ಕೆಳಗೆ ಆ ಹೆಸರು ಯಾವ್ಯಾವ ರೀತಿ ಕೆಡಬಹುದೋ ಎಲ್ಲವನ್ನೂ ಬರೆದಳು. ಒತ್ತಕ್ಷರ ಬಿಟ್ಟು, ದೀರ್ಘ ನುಂಗಿ, ಮೊದಲಕ್ಷರವನ್ನೇ ತಪ್ಪಾಗಿ ಕೇಳಿಸಿಕೊಂಡು. ಹದಿನಾರು ಹೆಸರುಗಳಾದವು. ಇನ್ನು ಸೂಚಿಯ ಗೊಡವೆ ಬೇಡ, ದಾಖಲಾತಿ ಪುಸ್ತಕವನ್ನೇ ಸಾಲು ಸಾಲಾಗಿ ಓದುತ್ತೇನೆ ಎಂದು ನಿರ್ಧರಿಸಿದಳು.

ಗುಮಾಸ್ತರು ಹೌಹಾರಿದರು. "ಮೂರು ವರ್ಷದ್ದು ಅಂದ್ರೆ ನಾಲ್ಕು ಸಾವಿರ ಹೆಸರು ಇದಾವ್ರೀ."

"ನಾನು ಟೆಲಿಫೋನ್ ಡೈರೆಕ್ಟರಿ ತಿದ್ದಿದೋಳು ಸಾರ್. ಅದರಲ್ಲಿ ಕತೇನೂ ಇರಲಿಲ್ಲ."

ಅವರು ನಕ್ಕದ್ದನ್ನು ಅವಳು ಅದೇ ಮೊದಲು ನೋಡಿದ್ದು. ಅಂದಿನಿಂದ ಅವಳಿಗೊಂದು ಸ್ಟೂಲು ಸಿಕ್ಕಿತು. ಮುಂದಿನ ವಾರ ಟೇಬಲ್ ಲ್ಯಾಂಪೂ ಬಂತು.

ಓದುತ್ತಾ ಹೋದಂತೆ ಬೇರೆಯವರ ಬಾಳೆಲ್ಲ ಕಣ್ಣ ಮುಂದೆ ಹಾಯುತ್ತಿತ್ತು. ಬಡಗಿ, ಮೂವತ್ತು ವರ್ಷ. ಅಂಚೆಯವನು, ಇಪ್ಪತ್ತಾರು. ಅಡುಗೆಯವನು, ಶಾಲಾ ಮಾಸ್ತರ, ಗಿರಣಿ ಆಳು, ಗಿರಣಿ ಆಳು, ಗಿರಣಿ ಆಳು. ಗಿರಣಿಯವರು ಎಷ್ಟು ಜನ! ಕೊನೆಯ ಅಂಕಣದಲ್ಲಿ "ಬಿಡುಗಡೆ" ಎಂದಿದ್ದವರು ಕಡಿಮೆ. ಕೆಲವು ಪುಟ ಓದಿದ ಮೇಲೆ ಕೊನೆಯ ಅಂಕಣವನ್ನು ಕೈಯಿಂದ ಮುಚ್ಚಿಕೊಂಡೇ ಓದುವುದನ್ನು ಅಭ್ಯಾಸ ಮಾಡಿಕೊಂಡಳು.

ಐದನೆಯ ಶನಿವಾರ, ಊಟದ ಹೊತ್ತಿಗೆ, ಅವಳ ಬೆರಳು ನಿಂತಿತು. ಹದಿನಾರರಲ್ಲಿ ಏಳನೆಯ ಹೆಸರು. ನಡುವಿನ ಒತ್ತಕ್ಷರ ಬಿಟ್ಟುಹೋಗಿತ್ತು, ಕೊನೆಗೊಂದು ದೀರ್ಘ ಸುಮ್ಮನೆ ಬಂದು ಸೇರಿಕೊಂಡಿತ್ತು. ಒಟ್ಟು ಬೇರೆಯೇ ಮನುಷ್ಯನ ಹೆಸರಾಗಿತ್ತು. ಆದರೆ ಕಸುಬು: ಗಿರಣಿ ಫಿಟ್ಟರ್. ವಯಸ್ಸು: ಮೂವತ್ತನಾಲ್ಕು. ಓಣಿ, ಮನೆ ಸಂಖ್ಯೆ ಎಲ್ಲ ತಮ್ಮದೇ. ಹೆಂಡತಿ: ಇದ್ದಾಳೆ.

ಮಕ್ಕಳು: ಇಲ್ಲ.

ಅವಳು ಆ ಸಾಲನ್ನು ಎರಡು ಸಲ ಓದಿದಳು. ಓಡಿಹೋಗಲಿಲ್ಲ ಎಂದು ಅಮ್ಮನಿಗೆ ಹೇಳಲು ಹಾತೊರೆದಿದ್ದ ಬಾಯಿಗೆ ಈಗ ಈ ಮಾತು ಅಡ್ಡ ಬಂತು. ಓಡಿಹೋದವನಾದರೂ ಮಕ್ಕಳಿದ್ದಾರೆ ಎಂದು ಒಪ್ಪಿಕೊಂಡಾನು. ಇವನು ಇಲ್ಲವೆಂದೇ ಬರೆಸಿಬಿಟ್ಟಿದ್ದ.

ಗುಮಾಸ್ತರು ಬಗ್ಗಿ ನೋಡಿದರು. ಕರವಸ್ತ್ರ ಮಡಿಸಿ ಜೇಬಿಗೆ ಹಾಕಿದರು. "ಬೇಜಾರು ಮಾಡ್ಕೋಬೇಡಿ. ಹೀಗೆ ಬರೆಸಿದೋರು ಬಹಳ ಜನ ಇದಾರೆ. ಮಕ್ಕಳಿದಾರೆ ಅಂದ್ರೆ ಇನ್ಸ್‌ಪೆಕ್ಟರ್ ಮನೆಗೆ ಬರ್ತಿದ್ದ. ಬಾಗಿಲಿಗೆ ಕೆಂಪು ಕಾಗದ ಅಂಟಿಸೋನು. ಶಾಲೇಲಿ ಹೆಸರು ಹೊಡೆದು ಹಾಕೋರು. ಹೆಂಡತಿ ಗಿರಣೀಲಿದ್ರೆ ಆ ಕೆಲಸಾನೂ ಹೋಗೋದು. ನಮ್ಮ ದೊಡ್ಡಮ್ಮನ್ನೂ ಹೀಗೇ ಸೇರಿಸಿದ್ರು. ಅವರ ಪುಸ್ತಕದಲ್ಲಿ ನಮ್ಮಣ್ಣಂದಿರು ಯಾರೂ ಹುಟ್ಟೇ ಇಲ್ಲ."

ಅವರು ಒಳಗೆ ಹೋಗಿ, ಅವಳು ಕೇಳದೆಯೇ, ಇನ್ನೊಂದು ಚೀಲ ಎಳೆದು ತಂದರು. ಆಸ್ಪತ್ರೆಯ ಗೇಟಿನ ರಿಜಿಸ್ಟರುಗಳು. ರೋಗಿಯನ್ನು ನೋಡಲು ಯಾರು ಬಂದರು, ಏನು ತಂದರು, ಎಲ್ಲವನ್ನೂ ಕಾವಲುಗಾರ ಬರೆದಿಡುತ್ತಿದ್ದ.

ಅಜ್ಜಿಯ ಹೆಸರು ತಿಂಗಳಿಗೊಮ್ಮೆ, ಭಾನುವಾರ, ತಪ್ಪದೆ ಬರುತ್ತಿತ್ತು. ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತು. ಮೂರು ವರ್ಷ ಎರಡು ತಿಂಗಳಲ್ಲಿ ಮೂವತ್ತೇಳು ಸಲ. ತಂದ ವಸ್ತುಗಳು: ಸೋಪು, ಬನಿಯನ್ನು, ಹಣ್ಣು. ಮತ್ತೆ ಸೋಪು. ನಾಲ್ಕನೆಯ ತಿಂಗಳಲ್ಲಿ, ಕಾವಲುಗಾರನ ಒಡ್ಡೊಡ್ಡ ಅಕ್ಷರದಲ್ಲಿ: ಶಾಲೆಯ ಕಾಪಿ ಪುಸ್ತಕ, ಒಂದು, ಬರೆದದ್ದು. ಎಂಟನೆಯ ತಿಂಗಳಲ್ಲಿ ಮತ್ತೆ. ಎಣಿಸಿದಳು. ಒಟ್ಟು ಒಂಬತ್ತು ಕಾಪಿ ಪುಸ್ತಕಗಳು. ಒಳಗೆ ಹೋದ ವಸ್ತು ಹೊರಗೆ ಬರುವಂತಿಲ್ಲವೆಂಬ ನಿಯಮ ಪ್ರತಿ ಪುಟದ ತಲೆಯ ಮೇಲೆ ಅಚ್ಚಾಗಿತ್ತು.

ಕೊನೆಯ ನಮೂದು ಭಾನುವಾರವಾಗಿರಲಿಲ್ಲ. ಒಂದು ಬುಧವಾರ. ತಂದ ವಸ್ತು: ಬಿಳಿ ಬಟ್ಟೆ. ಷರಾ: ಹೆಂಡತಿ ಹಾಜರು.

ಮರುದಿನ ಗುರುವಾರ. ಗಿರಣಿಗೆ ರಜೆಯಿಲ್ಲದ ದಿನ. ಊರ ಕಣ್ಣಿಗೆ ಓಡಿಹೋದವನ ಹೆಂಡತಿಗೆ ಅಳುವ ಕಾರಣವಾದರೂ ಏನಿತ್ತು? ಅಜ್ಜಿ ಯಂತ್ರದ ಮುಂದೆ ನಿಂತಿರಬೇಕು, ದಾರ ಕಡಿದರೆ ಗಂಟು ಹಾಕುತ್ತ. ಕೊಂಬಕ್ಕ ಟೇಬಲ್ ಲ್ಯಾಂಪು ಆರಿಸಿದಳು. ಗುಮಾಸ್ತರು ಒಂದು ಲೋಟ ನೀರು ತಂದಿಟ್ಟರು.

ಅಮ್ಮನಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದಳು. ಒಳ್ಳೆಯದನ್ನಷ್ಟೇ ಹೇಳಿ, "ಮಕ್ಕಳು: ಇಲ್ಲ" ಎಂಬುದನ್ನು ನುಂಗಿಕೊಳ್ಳಬಹುದಿತ್ತು. ಆದರೆ ಆ ಮನೆಯಲ್ಲಿ ನುಂಗಿಕೊಂಡದ್ದು ಆಗಲೇ ಸಾಕಷ್ಟಾಗಿತ್ತು.

ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದಳು. ಅಮ್ಮ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ಕೇಳಿಸಿಕೊಂಡಳು.

"ಮಕ್ಕಳೇ ಇಲ್ಲ ಅಂತ ಬರೆಸಿದ್ನಾ ಆ ಮನುಷ್ಯ?"

"ನಿನ್ನನ್ನ ಶಾಲೆಯಿಂದ ತೆಗೀತಿದ್ರು ಅಮ್ಮಾ. ಅಜ್ಜಿ ಕೆಲಸಾನೂ ಹೋಗ್ತಿತ್ತು. ಗುಮಾಸ್ತರು ಹೇಳಿದ್ರು."

"ಗುಮಾಸ್ತರು ನೋಡಿದ್ರಾ?"

ಕೊಂಬಕ್ಕ ಗೇಟಿನ ರಿಜಿಸ್ಟರಿನಿಂದ ಬರೆದುಕೊಂಡು ಬಂದಿದ್ದ ಪಟ್ಟಿ ತೆಗೆದು ಓದತೊಡಗಿದಳು. ಸೋಪು, ಬನಿಯನ್ನು, ಹಣ್ಣು. ಕಾಪಿ ಪುಸ್ತಕ ಎಂಬ ಮಾತು ಬಂದಾಗ ಅಮ್ಮ ಕೈಯೆತ್ತಿ ನಿಲ್ಲಿಸಿದಳು.

"ಮತ್ತೆ ಓದು ಅದನ್ನ."

"ಶಾಲೆಯ ಕಾಪಿ ಪುಸ್ತಕ, ಒಂದು, ಬರೆದದ್ದು."

ಅಮ್ಮ ಹೇಳಿದ್ದು ಯಾರಿಗೋ ದೂರು ಕೊಡುವ ದನಿಯಲ್ಲಿ. "ಪುಸ್ತಕ ಮುಗಿದ ತಕ್ಷಣ ಅಮ್ಮ ಕಿತ್ಕೊಳ್ತಿದ್ಲು. ಎಲ್ಲಿ ಅಂದ್ರೆ ಒಲೆಗೆ ಹಾಕ್ದೆ ಅನ್ನೋಳು. ನನಗೆ ದುಂಡಗೆ ಬರೆಯೋದು ಅಂದ್ರೆ ಪ್ರಾಣ. ಒಂದ್ಸಲ ಎರಡು ದಿನ ಅವಳ ಹತ್ರ ಮಾತೇ ಬಿಟ್ಟಿದ್ದೆ. ತಿಂಗಳಿಗೊಂದು ಭಾನುವಾರ ಯಂತ್ರ ತೊಳೆಯೋಕೆ ಕರೆದಿದಾರೆ ಅಂತ ಹೋಗೋಳು. ನಮ್ಮನ್ನ ಪಕ್ಕದ ಮನೆಯವರ ಹತ್ರ ಬಿಟ್ಟು. ಬಂದು ಒಂದು ಹಂಡೆ ನೀರು ಸ್ನಾನ ಮಾಡಿದ್ಮೇಲೇ ನಮ್ಮನ್ನ ಮುಟ್ಟೋಳು. ಎಣ್ಣೆ ಜಿಡ್ಡು ಅಂತಿದ್ಲು."

ಮುಖ ಆ ಕಡೆ ತಿರುಗಿಸಿದಳು. ಅಳಲಿಲ್ಲ. ಅವಳಿಗೆ ಬಂದದ್ದು ಸಿಟ್ಟು. "ಸಾಯೋವಾಗಾದ್ರೂ ಹೇಳ್ಬಹುದಿತ್ತು. ಕೈ ಹಿಡ್ಕೊಂಡು ಕೂತಿದ್ದೆ ನಾನು. ನನಗೆ ಆಗ ಐವತ್ತೈದು ವರ್ಷ. ಇನ್ನು ಯಾವ ಶಾಲೆಯಿಂದ ತೆಗೀತಿದ್ರು ನನ್ನ?"

ಅಜ್ಜಿ ಯಾಕೆ ಹೇಳಲಿಲ್ಲವೆಂದು ಬರೆದಿಟ್ಟ ರಿಜಿಸ್ಟರು ಯಾವ ನೆಲಮಾಳಿಗೆಯಲ್ಲೂ ಇರಲಿಲ್ಲ.

ಎರಡು ದಿನ ಅಮ್ಮ ಯಂತ್ರದ ಹತ್ತಿರ ಸುಳಿಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕೊಂಬಕ್ಕ ಪ್ರೆಸ್ಸಿಗೆ ಹೊರಟಾಗ, ಒಳಗಿನಿಂದಲೇ ಕೇಳಿದಳು.

"ಹೆಸರು ತಪ್ಪು ಬರೆದಿದಾರೆ ಅಂದ್ಯಲ್ಲ. ಸತ್ತವರ ಪುಸ್ತಕದಲ್ಲೂ ಹಾಗೇ ಇದೆಯಾ?"

"ಆಸ್ಪತ್ರೆ ಪುಸ್ತಕ ನೋಡಿಯೇ ಅದನ್ನ ಬರೆದಿರೋದು. ಎರಡರಲ್ಲೂ ಹಾಗೇ ಇದೆ."

"ಅಂದ್ರೆ ಸತ್ತಿದ್ದು ಬೇರೆ ಯಾರೋ ಅಂತಾಯ್ತು. ತಿದ್ದಿಸು."

"ಅದಕ್ಕೆ ನೀನೇ ಅರ್ಜಿ ಹಾಕ್ಬೇಕು. ಮಗಳು ಅಂತ."

"ಹಾಕ್ತೀನಿ. ಯಾವತ್ತು ಹೋಗೋಣ?"

ಅರ್ಜಿ ಹಾಕಿದ್ದು ಜನನ ಮರಣ ದಾಖಲೆಯ ಕಚೇರಿಯಲ್ಲಿ. ಅಲ್ಲಿನ ಅಧಿಕಾರಿ ಇನ್ನೂ ಮೂವತ್ತು ದಾಟದ ಹುಡುಗಿ. ಕಾಗದಗಳನ್ನೆಲ್ಲ ಗಮನವಿಟ್ಟು ಓದಿ, ಅಮ್ಮನನ್ನು ಕೂರಿಸಿ, ಬಹಳ ಮೆತ್ತಗೆ ಹೇಳಿದಳು.

"ಅಮ್ಮಾ, ನೀವು ತಂದಿರೋ ಆಸ್ಪತ್ರೆ ಪುಟದಲ್ಲೇ ಮಕ್ಕಳು ಇಲ್ಲ ಅಂತಿದೆ. ಹಾಗಿದ್ದಾಗ ನೀವು ಮಗಳು ಅಂತ ನಾನು ಹೇಗೆ ಬರ್ಕೊಳ್ಳಲಿ?"

ಕೊಂಬಕ್ಕ ಕೇಳಿದಳು, "ಏನು ತಂದ್ರೆ ಬರ್ಕೊಳ್ತೀರಾ?"

"ಆ ಕಾಲದ್ದೇ ಯಾವುದಾದ್ರೂ ದಾಖಲೆ. ತಂದೆ ಹೆಸರು, ಮಗಳ ಹೆಸರು ಎರಡೂ ಇರೋದು."

ಇಬ್ಬರೂ ಅಲ್ಲಿಂದ ಸೀದಾ ಅಮ್ಮ ಓದಿದ ಶಾಲೆಗೆ ನಡೆದರು. ಶಾಲೆಗೆ ಹೊಸ ಮಹಡಿ ಬಂದಿತ್ತು, ಹಳೆಯ ಬೀರು ಹಾಗೇ ಇತ್ತು. ಮುಖ್ಯೋಪಾಧ್ಯಾಯಿನಿ ಪ್ರವೇಶದ ಪುಸ್ತಕ ತೆಗೆಸಿದಳು. ಅಲ್ಲಿ ಅಮ್ಮನ ಹೆಸರು, ಆರು ವರ್ಷ, ಒಂದನೇ ತರಗತಿ. ತಂದೆಯ ಹೆಸರು ಸರಿಯಾಗಿತ್ತು, ಒತ್ತಕ್ಷರ ಸಮೇತ. ಅದರ ಎದುರಿಗೆ ಪೋಷಕರ ಸಹಿ ಎಂಬ ಕಡೆ ಅವನೇ ಕೈಯಾರೆ ಮಾಡಿದ ಸಹಿ. ದುಂಡನೆಯ, ಒಂದಕ್ಕೊಂದು ಅಂಟದ ಅಕ್ಷರಗಳು.

ಅಮ್ಮ ಆ ಸಹಿಯನ್ನು ಮುಟ್ಟಲು ಹೋಗಿ, ಶಾಯಿ ಹಸಿಯಿದೆಯೇನೋ ಎಂಬಂತೆ, ಬೆರಳನ್ನು ಸ್ವಲ್ಪ ಮೇಲೆಯೇ ನಿಲ್ಲಿಸಿದಳು.

ನಕಲು ಸಿಕ್ಕಿತು. ಇನ್ನು ಉಳಿದದ್ದು ಮಾವನ ಒಪ್ಪಿಗೆ. ತಿದ್ದುಪಡಿಗೆ ಬದುಕಿರುವ ಮಕ್ಕಳೆಲ್ಲರ ಸಹಿ ಬೇಕಿತ್ತು. ಕೊಂಬಕ್ಕ ಅವನ ಮನೆಗೆ ಹೋದಾಗ ಅವನು ಅಂಗಳದಲ್ಲಿ ಮೊಮ್ಮಗಳ ಸೈಕಲ್ಲಿನ ಚೈನು ಸರಿಮಾಡುತ್ತಿದ್ದ. ಎಲ್ಲವನ್ನೂ ತಲೆ ತಗ್ಗಿಸಿಯೇ ಕೇಳಿದ. ಚೈನು ಎರಡು ಸಲ ಕೂತು ಎರಡು ಸಲವೂ ಜಾರಿತು.

"ನಿನ್ನ ಮೇಲೆ ಸಿಟ್ಟಿತ್ತು ಅಂದ್ಕೊಂಡ್ಯಾ?" ಎಂದ ಕೊನೆಗೆ. "ಸಿಟ್ಟಲ್ಲ ಕಣೇ. ಮೂವತ್ತೊಂದು ವರ್ಷ ಬಸ್ ಓಡಿಸ್ದೆ. ಪ್ರತಿ ಸ್ಟಾಪಲ್ಲೂ ಯಾರಾದ್ರೂ ವಯಸ್ಸಾದೋರು ಹತ್ತಿದ್ರೆ ಕನ್ನಡೀಲಿ ಕಿವಿ ನೋಡ್ತಿದ್ದೆ. ಓಡಿಹೋದೋನು ಎಲ್ಲಾದ್ರೂ ಇರ್ತಾನೆ, ಒಂದಲ್ಲ ಒಂದು ದಿನ ನನ್ನ ಬಸ್ಸೇ ಹತ್ತಿಬಿಡ್ತಾನೆ ಅಂತ. ಸಿಕ್ಕಿದ್ರೆ ಏನು ಬೈಬೇಕು ಅಂತಾನೂ ಯೋಚಿಸಿಟ್ಟಿದ್ದೆ. ನೀನು ಆ ಫೋಟೋ ತೋರಿಸಿದಾಗ, ಮೈಮೇಲೆ ಆಸ್ಪತ್ರೆ ಕೋಟು ನೋಡಿ, ಇನ್ನು ಅವನು ಹತ್ತಲ್ಲ ಅಂತ ಗೊತ್ತಾಯ್ತು."

ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಂಡ. "ನನಗೆ ಐದು ವರ್ಷ ಆಗೋ ತನಕ ಬದುಕಿದ್ನಲ್ಲ ಅವನು. ಬರೀ ಒಂದು ಗುಡ್ಡದಾಚೆ."

ಬುಧವಾರ ಮೂವರೂ ಕಚೇರಿಯಲ್ಲಿದ್ದರು. ಅಧಿಕಾರಿ ಹುಡುಗಿ ಶಾಲೆಯ ನಕಲನ್ನೂ ಆಸ್ಪತ್ರೆಯ ಪುಟವನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಓಣಿ, ಮನೆ ಸಂಖ್ಯೆ, ಕಸುಬು ಎಲ್ಲ ತಾಳೆಯಾಯಿತು. ಮರಣ ದಾಖಲೆಯ ದಪ್ಪ ಪುಸ್ತಕ ತರಿಸಿ, ತಪ್ಪು ಹೆಸರಿನ ಮೇಲೆ ಒಂದು ಗೆರೆ ಎಳೆದು, ಅಂಚಿನಲ್ಲಿ ಸರಿಯಾದ ಹೆಸರು ಬರೆದಳು. ಕೊಂಬಕ್ಕ ತಲೆಕೆಳಗಾಗಿ ಕಾಣುತ್ತಿದ್ದ ಅಕ್ಷರಗಳನ್ನು ಒಂದೊಂದಾಗಿ ಓದಿ ಗೋಣು ಆಡಿಸಿದಳು.

"ಮಕ್ಕಳು ಇಲ್ಲ ಅನ್ನೋದನ್ನ?" ಅಮ್ಮ ಕೇಳಿದಳು.

"ಅದು ಆಸ್ಪತ್ರೆ ಪುಸ್ತಕ ಅಮ್ಮಾ. ಅವರು ಹೇಳಿದ್ದನ್ನ ಬರೆದಿರೋದು. ಅದನ್ನ ತಿದ್ದೋಕೆ ನಮಗೆ ಅಧಿಕಾರ ಇಲ್ಲ."

"ಬೇಡ," ಎಂದಳು ಅಮ್ಮ ಸ್ವಲ್ಪ ಯೋಚಿಸಿ. "ಅದು ಇರ್ಲಿ. ಹೇಳಿದ್ದು ಹಾಗೇ ಇರ್ಲಿ. ಅದರ ಜೊತೆಗೆ ಒಂದು ಕಾಗದ ಸೇರಿಸ್ಬಹುದಾ? ಇಬ್ಬರಿದ್ರು ಅಂತ."

"ಅದಕ್ಕೇನೂ ಅಡ್ಡಿಯಿಲ್ಲ."

ಅಮ್ಮನೇ ಪೆನ್ನು ತೆಗೆದುಕೊಂಡಳು. ಇಬ್ಬರ ಹೆಸರು, ಹುಟ್ಟಿದ ವರ್ಷ, ಸಂಬಂಧ. ತನ್ನ ಹೆಸರಿನ ಎದುರು "ಮಗಳು" ಎಂದು ಬರೆದಳು, ತಮ್ಮನ ಹೆಸರಿನ ಎದುರು "ಮಗ" ಎಂದು ಬರೆದಳು. ಮಾವ ಸಹಿ ಹಾಕಿದ. ಬಸ್ಸಿನ ಲಾಗ್ ಶೀಟಿಗೆ ಹಾಕುವ ಗೀಚು ಸಹಿಯಲ್ಲ, ಬ್ಯಾಂಕಿನಲ್ಲಿ ಹಾಕುವ ಪೂರ್ತಿ ಸಹಿ. ಆ ಕಾಗದವನ್ನು ಕೊಂಬಕ್ಕ ಅಂದೇ ಮಧ್ಯಾಹ್ನ ನೆಲಮಾಳಿಗೆಗೆ ಒಯ್ದು ಕೊಟ್ಟಳು. ಗುಮಾಸ್ತರು ಅದನ್ನು ಪುಟಕ್ಕೆ ಅಂಟಿಸಿ, ದಿನಾಂಕ ಹಾಕಿ, ಸೀಲು ಒತ್ತಿದರು. "ನಮ್ಮ ದೊಡ್ಡಮ್ಮನ ಪುಟಕ್ಕೂ ಇಂಥದ್ದೊಂದು ಬರೆದು ಹಚ್ಚಬಹುದಿತ್ತು," ಎಂದರು. "ಇಷ್ಟು ವರ್ಷ ಇಲ್ಲೇ ಕೂತಿದೀನಿ, ಹೊಳೀಲೇ ಇಲ್ಲ."

ಅವಳು ಮೇಲೆ ಬಂದಾಗ ಅಮ್ಮನೂ ಮಾವನೂ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಮಾವ ಏನನ್ನೋ ಕೇಳಲು ಬಾಯಿ ತೆರೆಯುವುದು, ಮುಚ್ಚುವುದು ಮಾಡುತ್ತಿದ್ದ.

"ಅಕ್ಕಾ," ಎಂದ ಕೊನೆಗೆ, "ನನಗೊಂದೂ ನೆನಪಿಲ್ಲ. ಹೇಗಿದ್ರು?"

ಅಮ್ಮ ರಸ್ತೆಯ ಕಡೆ ನೋಡುತ್ತ ಕೂತಳು. ಹೇಳುವುದಿಲ್ಲವೇನೋ ಎಂದು ಕೊಂಬಕ್ಕ ಅಂದುಕೊಂಡಳು.

"ಅಪ್ಪನಿಗೆ ಸಿಳ್ಳೆ ಚೆನ್ನಾಗಿ ಬರ್ತಿತ್ತು," ಎಂದಳು ಅಮ್ಮ. "ಗಿರಣಿ ಸೈರನ್ ಥರಾನೇ ಹೊಡೆಯೋನು. ಒಂದು ಭಾನುವಾರ ಹೊಡೆದುಬಿಟ್ಟ ನೋಡು, ಎದುರುಮನೆಯವರು ಕೆಲಸಕ್ಕೆ ಹೊತ್ತಾಯ್ತು ಅಂತ ಅರ್ಧ ಕ್ಷೌರದಲ್ಲೇ ಓಡಿದ್ರು. ನೀನು ಅತ್ರೆ ಅದೇ ಸೈರನ್ನು. ನೀನು ಥಟ್ಟನೆ ಸುಮ್ಮನಾಗ್ತಿದ್ದೆ. ಅಪ್ಪನ ಹೆಗಲ ಮೇಲೇ ಮಲಗ್ತಿದ್ದೆ ನೀನು, ಬಾಯಿಂದ ಜೊಲ್ಲು ಸುರಿಸ್ಕೊಂಡು."

"ನಾನಾ?"

"ಮತ್ತೆ ಯಾರು, ನಾನಾ?"

ಅವರ ಬಸ್ಸು ಬಂತು, ಬಾಗಿಲು ತೆರೆಯಿತು, ಕಂಡಕ್ಟರ್ ಹತ್ತುತ್ತೀರಾ ಎಂಬಂತೆ ನೋಡಿದ. ಮಾವ ಕೈ ಅಲ್ಲಾಡಿಸಿ ಅದನ್ನು ಮುಂದೆ ಕಳಿಸಿದ.

"ಆಮೇಲೆ?" ಎಂದ.